ಶಾಲೆಯಲ್ಲಿ ಯುದ್ಧ ಸ್ಮಾರಕ ಮಾಡುವವರಿಗೆ: ಹೆಸರು ಮೊದಲು, ಕಲ್ಲು ಆಮೇಲೆ

ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಯಾರೋ ಒಬ್ಬರು "ನಮ್ಮ ಶಾಲೆಯಲ್ಲಿ ಓದಿ ಯುದ್ಧದಲ್ಲಿ ತೀರಿಕೊಂಡವರಿಗೆ ಒಂದು ಸ್ಮಾರಕ ಮಾಡೋಣ" ಅಂದರೆ ಸಾಕು. ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲಾಗಿ ಬೀಳುತ್ತವೆ, ಒಬ್ಬರು ಗ್ರಾನೈಟ್ ಅಂಗಡಿಯವರ ನಂಬರ್ ಹಾಕುತ್ತಾರೆ, ಇನ್ನೊಬ್ಬರು ಬಂದೂಕು ಹೆಲ್ಮೆಟ್ ಇರುವ ಡಿಸೈನ್ ಹಾಕುತ್ತಾರೆ, ಉದ್ಘಾಟನೆಗೆ ಯಾವ ಮಂತ್ರಿಯನ್ನು ಕರೆಯಬೇಕು ಅನ್ನುವುದಕ್ಕೆ ಸಣ್ಣ ಜಗಳವೂ ಆಗುತ್ತದೆ. ಹೆಸರುಗಳ ಪಟ್ಟಿ ಎಲ್ಲಿ ಅಂತ ಕೇಳಿ ನೋಡಿ. ಗುಂಪು ತಣ್ಣಗಾಗುತ್ತದೆ.

ಅದಕ್ಕೇ ಈ ಬರಹ. ಕಲ್ಲು ಕೆತ್ತುವುದು ಕೆಲವು ವಾರದ ಕೆಲಸ. ಹೆಸರು ಹುಡುಕಿ ಖಚಿತಪಡಿಸಿಕೊಳ್ಳುವುದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ. ಆದ್ದರಿಂದ ದುಡ್ಡು ಎತ್ತುವುದು, ಡಿಸೈನ್ ಮಾಡಿಸುವುದು ಎಲ್ಲವನ್ನೂ ಪಕ್ಕಕ್ಕಿಟ್ಟು ಹೆಸರಿನ ಕೆಲಸಕ್ಕೆ ಮೂರ್ನಾಲ್ಕು ಜನರನ್ನು ಕೂರಿಸಿ. ಒಬ್ಬರು ನಿವೃತ್ತ ಮೇಷ್ಟ್ರು ಇರಲಿ, ಒಬ್ಬರು ಸೇನೆಯಲ್ಲಿದ್ದು ಬಂದವರು ಇರಲಿ, ಇಬ್ಬರು ಓಡಾಡುವ ಹುಡುಗರು ಇರಲಿ. ಇಪ್ಪತ್ತು ಜನರ ಕಮಿಟಿ ಬೇಡ, ಅದು ಟೀ ಕುಡಿಯೋಕೆ ಸೇರುತ್ತದೆ ಅಷ್ಟೆ.

ಯಾರ ಹೆಸರು ಸೇರಬೇಕು?

ಇದನ್ನು ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿಕೊಳ್ಳಿ. ಸುಲಭದ ಪ್ರಶ್ನೆ ಅನಿಸುತ್ತದೆ, ಅಲ್ಲ.

ಬೆಂಗಳೂರಿನದೇ ಉದಾಹರಣೆ ನೋಡಿ. ಮೇಜರ್ ಸಂದೀಪ್ ಉನ್ನಿಕೃಷ್ಣನ್ ಫ್ರಾಂಕ್ ಆಂಥೋನಿ ಶಾಲೆಯಲ್ಲಿ ಓದಿದವರು. 2008ರ ನವೆಂಬರ್ 28ರಂದು ಮುಂಬೈಯ ತಾಜ್ ಹೋಟೆಲ್‌ನಲ್ಲಿ ಭಯೋತ್ಪಾದಕರ ವಿರುದ್ಧ ಹೋರಾಡುತ್ತಾ ಪ್ರಾಣ ಬಿಟ್ಟರು. ಆಗ ದೇಶ ಯಾರ ಮೇಲೂ ಯುದ್ಧ ಸಾರಿರಲಿಲ್ಲ. ಅವರಿಗೆ ಬಂದ ಅಶೋಕ ಚಕ್ರವೂ ರಣರಂಗದ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಕೊಡುವ ಪರಮವೀರ, ಮಹಾವೀರ, ವೀರ ಚಕ್ರಗಳ ಸಾಲಿನದಲ್ಲ, ಅಶೋಕ, ಕೀರ್ತಿ, ಶೌರ್ಯ ಚಕ್ರಗಳ ಸಾಲಿನದು. "ಯುದ್ಧದಲ್ಲಿ ಮಡಿದವರು ಮಾತ್ರ" ಅಂತ ನಿಯಮ ಬರೆದರೆ ಇಂಥವರ ಹೆಸರೇ ಬಿಟ್ಟುಹೋಗುತ್ತದೆ. ಅದನ್ನು ಯಾರಾದರೂ ಒಪ್ಪುತ್ತಾರಾ?

ಇನ್ನೊಂದು ಉದಾಹರಣೆ ನೂರು ವರ್ಷ ಹಳೆಯದು. ಕೊಡಗಿನ ಕಾಫಿ ತೋಟದಲ್ಲಿ ಹುಟ್ಟಿದ ವಿಲಿಯಂ ಲೀಫ್ ರಾಬಿನ್ಸನ್ ಬಿಷಪ್ ಕಾಟನ್ ಬಾಯ್ಸ್ ಶಾಲೆಯಲ್ಲಿ ಓದಿದ ಹುಡುಗ. 1916ರ ಸೆಪ್ಟೆಂಬರ್‌ನಲ್ಲಿ ಲಂಡನ್ ಹತ್ತಿರ ಜರ್ಮನ್ ವಾಯುನೌಕೆಯೊಂದನ್ನು ರಾತ್ರಿ ಹೊತ್ತಲ್ಲಿ ಹೊಡೆದುರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಆಮೇಲೆ ಜರ್ಮನರ ಕೈಗೆ ಸೆರೆ ಸಿಕ್ಕ. ಯುದ್ಧ ಮುಗಿದು ಇಂಗ್ಲೆಂಡಿಗೆ ಬಂದವನು 1918ರ ಡಿಸೆಂಬರ್ 31ರಂದು ಫ್ಲೂ ಜ್ವರದಲ್ಲಿ ತೀರಿಕೊಂಡ. ಗುಂಡು ತಾಗಿ ಸತ್ತಿದ್ದಲ್ಲ, ಯುದ್ಧ ನಡೆಯುವಾಗ ಸತ್ತಿದ್ದೂ ಅಲ್ಲ. ಮೇಲಾಗಿ ಬೆಂಗಳೂರಿನ ಶಾಲೆ ಬಿಟ್ಟ ಮೇಲೆ ಇಂಗ್ಲೆಂಡಿನಲ್ಲೂ ಓದಿದ್ದಾನೆ. ಸೇರಿಸುತ್ತೀರಾ, ಬಿಡುತ್ತೀರಾ?

ನನ್ನ ಕೇಳಿದರೆ ನಿಯಮ ಹೀಗಿರಲಿ: ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಹೆಸರಿದ್ದು, ಸೇವೆಯಲ್ಲಿರುವಾಗ ಯುದ್ಧ ಅಥವಾ ಕಾರ್ಯಾಚರಣೆಯ ಕಾರಣಕ್ಕೆ ತೀರಿಕೊಂಡವರು. ಒಂದೇ ವರ್ಷ ಓದಿದ್ದರೂ ಸರಿ. ಸಿಯಾಚಿನ್‌ನಲ್ಲಿ ಹಿಮ ಕುಸಿದು ಸತ್ತವರೂ ಇದರಲ್ಲಿ ಬರುತ್ತಾರೆ, ಸೆರೆಯಲ್ಲಿ ಕಾಯಿಲೆ ಬಿದ್ದು ಸತ್ತವರೂ ಬರುತ್ತಾರೆ. ಪೊಲೀಸರು, ಬಿಎಸ್‌ಎಫ್, ಸಿಆರ್‌ಪಿಎಫ್‌ನವರನ್ನು ಸೇರಿಸಬೇಕೋ ಬೇಡವೋ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಬೇಡ ಅಂದರೆ ಯಾಕೆ ಅಂತ ಬರೆದಿಡಿ. ನಾಳೆ ಒಬ್ಬ ತಾಯಿ ಬಂದು ನನ್ನ ಮಗನ ಹೆಸರು ಯಾಕಿಲ್ಲ ಅಂದಾಗ "ಅದು ಕಮಿಟಿ ತೀರ್ಮಾನ ಅಮ್ಮ" ಅಂತ ತಲೆ ಕೆರೆದುಕೊಳ್ಳುವ ಹಾಗಾಗಬಾರದು.

ಶಾಲೆಯ ಕಪಾಟಿನಿಂದ ಶುರುಮಾಡಿ

ಗೂಗಲ್ ಆಮೇಲೆ. ಮೊದಲು ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರ ಹತ್ತಿರ ಒಂದು ಪತ್ರ ಕೊಟ್ಟು ದಾಖಲಾತಿ ರಿಜಿಸ್ಟರ್ ನೋಡಲು ಅನುಮತಿ ಕೇಳಿ. ಹಳೇ ಶಾಲೆಗಳಲ್ಲಿ ಇವು ದಪ್ಪ ರಟ್ಟಿನ, ಬೆನ್ನಿಗೆ ಬಟ್ಟೆ ಅಂಟಿಸಿದ ಪುಸ್ತಕಗಳು. ಗೆದ್ದಲು ಒಂದು ಮೂಲೆ ತಿಂದಿರುತ್ತದೆ, ಹಾಳೆ ಮಡಚಿದ ಕಡೆ ಮುರಿಯುತ್ತದೆ. ಜೆರಾಕ್ಸ್ ಮಷೀನಿಗೆ ಒತ್ತಬೇಡಿ, ಬೆನ್ನು ಮುರಿದುಹೋಗುತ್ತದೆ. ಕಿಟಕಿ ಪಕ್ಕ ಮೇಜಿಟ್ಟು ಮೊಬೈಲಲ್ಲಿ ಪುಟ ಪುಟವಾಗಿ ಫೋಟೊ ತೆಗೆಯಿರಿ.

ಅದರಲ್ಲಿ ಜಾತಿ, ತಂದೆಯ ಆದಾಯ ಎಲ್ಲ ಇರುತ್ತದೆ. ಆ ಫೋಟೊಗಳನ್ನು ಗುಂಪಿಗೆ ಹಾಕಬೇಡಿ, ದಯವಿಟ್ಟು.

ನಿಮಗೆ ಬೇಕಾದ್ದು ನಾಲ್ಕೇ ಕಾಲಂ: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ ಮತ್ತು ಕಾರಣ. ಹುಟ್ಟಿದ ದಿನ ಬಹಳ ಮುಖ್ಯ. ಆ ಕಾಲದ ಅರ್ಧ ಕರ್ನಾಟಕ ಜೂನ್ 1ರಂದು ಹುಟ್ಟಿದೆ ಅಂತ ನಾವು ನಗುತ್ತೇವೆ, ಸೇರಿಸಿಕೊಂಡ ಮೇಷ್ಟ್ರು ಅಂದಾಜಿಗೆ ಬರೆದ ತಾರೀಕು ಅದು. ಆದರೆ ಸೇನೆಗೆ ಸೇರುವಾಗ ಹುಡುಗ ಕೊಟ್ಟಿದ್ದು ಅದೇ ಶಾಲೆಯ ಪತ್ರ. ಹಾಗಾಗಿ ತಾರೀಕು ಸುಳ್ಳಾದರೂ ಎರಡೂ ಕಡೆ ಒಂದೇ ಸುಳ್ಳು ಇರುತ್ತದೆ! ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ರಿಜಿಸ್ಟರ್ ಒಂದರಿಂದಲೇ ಯಾರು ಸೇನೆಗೆ ಹೋದರು ಅಂತ ತಿಳಿಯುವುದಿಲ್ಲ. ಅದಕ್ಕೆ ಶಾಲೆಯ ವಾರ್ಷಿಕ ಸಂಚಿಕೆ, ಎನ್‌ಸಿಸಿ ಫೋಟೊಗಳು, ಬೆಳ್ಳಿಹಬ್ಬ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ತಿರುವಿ. ಜೊತೆಗೆ ಹಳೆಯ ಮೇಷ್ಟ್ರುಗಳು, ಜವಾನರು. "1971ರಲ್ಲಿ ನಮ್ಮ ಹುಡುಗ ಒಬ್ಬ ಹೋದ ಸಾರ್, ಶಾಲೆಗೆ ಅರ್ಧ ದಿನ ರಜೆ ಕೊಟ್ಟರು" ಅನ್ನುವಂಥ ಒಂದು ಮಾತು ಸಿಕ್ಕರೆ ಸಾಕು, ವರ್ಷ ಗೊತ್ತಾಯಿತಲ್ಲ, ಅಲ್ಲಿಂದ ದಾರಿ ಹಿಡಿಯಬಹುದು. ಆ ವರ್ಷದ ಡಿಸೆಂಬರ್ ಜನವರಿಯ ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ನೋಡಿ. ಎರಡೂ 1948ರಿಂದ ಇವೆ. ಅದಕ್ಕಿಂತ ಹಿಂದಿನ ಪತ್ರಿಕೆಗಳಿಗೆ ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಬೇಕು.

1947 ಅನ್ನುವ ಗೆರೆ

ಹೊರಗಿನ ದಾಖಲೆ ಹುಡುಕುವಾಗ ಪಟ್ಟಿಯನ್ನು ಎರಡು ಮಾಡಿಕೊಳ್ಳಿ: ಸ್ವಾತಂತ್ರ್ಯಕ್ಕೆ ಮೊದಲು, ಆಮೇಲೆ.

ಆಮೇಲಿನವರಿಗೆ ಮೊದಲ ಜಾಗ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರುವರಿ 25ರಂದು ಉದ್ಘಾಟನೆ ಆದಾಗ ಅದರ ಗೋಡೆಗಳ ಮೇಲೆ 25,942 ಹೆಸರುಗಳಿದ್ದವು, 1947–48ರಿಂದ ಹಿಡಿದು 1962, 1965, 1971, ಶ್ರೀಲಂಕಾ, ಸಿಯಾಚಿನ್, ಕಾರ್ಗಿಲ್ ತನಕ. ಜಾಲತಾಣದಲ್ಲೂ ಹೆಸರು ಹುಡುಕಬಹುದು. ನಮ್ಮ ಬೆಂಗಳೂರಿನಲ್ಲೇ ತಾರಾಲಯದ ಎದುರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ, 75 ಅಡಿಯ ವೀರಗಲ್ಲು ನಿಂತಿದೆಯಲ್ಲ, ಅಲ್ಲಿಯೂ ಹೆಸರುಗಳಿವೆ. ಒಂದು ಭಾನುವಾರ ಬೆಳಿಗ್ಗೆ ಹೋಗಿ ಬನ್ನಿ. ಕಲ್ಲಿನ ಮೇಲೆ ಅಷ್ಟು ಹೆಸರು ಒಟ್ಟಿಗೆ ಇದ್ದರೆ ಓದಲು ಎಷ್ಟು ಕಷ್ಟ ಅಂತಲೂ ತಿಳಿಯುತ್ತದೆ, ನಿಮ್ಮ ಡಿಸೈನಿಗೆ ಸಹಾಯ ಆಗುತ್ತದೆ. ಪ್ರಶಸ್ತಿ ಬಂದಿದ್ದರೆ ಕೇಂದ್ರ ಸರ್ಕಾರದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಸಿಗುತ್ತದೆ. ಪ್ರಶಸ್ತಿ ತಡವಾಗಿ ಬರುವುದೂ ಉಂಟು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಹಳೆಯ ಪತ್ರಿಕೆ ಮಾತ್ರ ನೋಡಿ ಕಲ್ಲಿಗೆ ಬರೆಸಿದರೆ ಇಂಥದ್ದು ತಪ್ಪಿಹೋಗುತ್ತದೆ.

ಮೊದಲಿನವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣ. ದುಡ್ಡಿಲ್ಲದೆ ಹುಡುಕಬಹುದು, ಎರಡೂ ಮಹಾಯುದ್ಧ ಸೇರಿ ಸುಮಾರು 17 ಲಕ್ಷ ಹೆಸರುಗಳಿವೆ. ಅವರ ಲೆಕ್ಕದಲ್ಲಿ ಮೊದಲ ಯುದ್ಧ ಅಂದರೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ, ಎರಡನೆಯದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ತನಕ. ಯುದ್ಧ ನಿಂತ ಮೇಲೂ ಗಾಯದಿಂದ, ಕಾಯಿಲೆಯಿಂದ ಸೈನಿಕರು ಸಾಯುತ್ತಲೇ ಇದ್ದರಲ್ಲ, ಅದಕ್ಕೆ ಹೀಗೆ. ನಿಮ್ಮ ನಿಯಮಕ್ಕೂ ಇದನ್ನೇ ಸಾಲ ತೆಗೆದುಕೊಳ್ಳಬಹುದು. ಹೆಸರಿನಿಂದ ಸಿಗದಿದ್ದರೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ "ಬ್ಯಾಂಗಲೋರ್", "ಮೈಸೂರ್" ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡಿ. ಇಂಥವರ ಮಗ, ಇಂಥ ಊರಿನವನು ಅಂತ ಅಲ್ಲಿ ಬರೆದಿರುತ್ತಾರೆ. ಹೊಸೂರು ರಸ್ತೆಯ ಸ್ಮಶಾನದಲ್ಲಿರುವ ಯುದ್ಧ ಸಮಾಧಿಗಳೂ ಇದೇ ಪಟ್ಟಿಯಲ್ಲಿವೆ.

ಇಲ್ಲಿ ಬೆಂಗಳೂರಿನವರು ಮರೆಯಬಾರದ ಒಂದು ವಿಷಯ ಇದೆ. ನಮ್ಮ ಊರು ಆಗ ಎರಡು ಊರು. ಪೇಟೆ ಕಡೆ ಮೈಸೂರು ಮಹಾರಾಜರ ಆಡಳಿತ, ದಂಡಿನ (ಕಂಟೋನ್ಮೆಂಟ್) ಕಡೆ ಬ್ರಿಟಿಷರದು, 1947ರ ತನಕ ಹೀಗೇ ಇತ್ತು. ನಿಮ್ಮ ಶಾಲೆ ದಂಡಿನಲ್ಲಿದ್ದು ಆಂಗ್ಲೋ ಇಂಡಿಯನ್ ಮಕ್ಕಳು ಜಾಸ್ತಿ ಓದುತ್ತಿದ್ದರೆ ಚರ್ಚಿನ ರಿಜಿಸ್ಟರ್, ಚರ್ಚಿನ ಗೋಡೆಯ ಫಲಕ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು ನಿಮ್ಮ ದಾರಿ. ಪೇಟೆ ಕಡೆಯ ಶಾಲೆಯಾದರೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಿ ಮೈಸೂರು ಸಂಸ್ಥಾನದ ಸೇನೆಯ ಕಡತ ಕೇಳಿ. ಸಂಸ್ಥಾನದ್ದೇ ಬೇರೆ ಪಡೆ ಇತ್ತು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು, ಜೆ.ಸಿ. ನಗರದ ಕಡೆ ಅವರ ಸ್ಮಾರಕ ಇದೆ. ದಿನಾ ಅದರ ಪಕ್ಕದಲ್ಲೇ ಗಾಡಿ ಓಡಿಸುವವರಿಗೂ ಅದೇನು ಅಂತ ಗೊತ್ತಿರಲಿಕ್ಕಿಲ್ಲ.

ಒಂದು ಹೆಸರಿಗೆ ಕಡಿಮೆ ಅಂದರೂ ಎರಡು ದಾಖಲೆ ಬೇಕು. ಒಂದು ಅವರು ನಿಮ್ಮ ಶಾಲೆಯಲ್ಲಿ ಓದಿದ್ದಕ್ಕೆ, ಒಂದು ಅವರು ಹೇಗೆ ಯಾವಾಗ ತೀರಿಕೊಂಡರು ಅನ್ನುವುದಕ್ಕೆ. ಬರೀ ನೆನಪು ಇದ್ದರೆ "ಖಚಿತವಾಗಬೇಕಾದವರು" ಅಂತ ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಿ. ಹೊಡೆದುಹಾಕಬೇಡಿ, ಕಲ್ಲಿಗೂ ಹಾಕಬೇಡಿ.

ಇನಿಶಿಯಲ್ ಗೋಜಲು

ರಿಜಿಸ್ಟರಿನಲ್ಲಿ ನಂಜಪ್ಪ ಸನ್ ಆಫ್ ಮುನಿಸ್ವಾಮಪ್ಪ. ಸೇನೆಯಲ್ಲಿ ಎಂ. ನಂಜಪ್ಪ. ಪತ್ರಿಕೆಯಲ್ಲಿ ಡಿ.ಎಂ. ನಂಜಪ್ಪ, ಊರು ದೊಮ್ಮಲೂರು ಅಂತ ಡಿ ಸೇರಿಕೊಂಡಿದೆ. ಮೂವರೂ ಒಬ್ಬರೇ ಇರಬಹುದು, ಇಲ್ಲದೆಯೂ ಇರಬಹುದು. ಕೊಡವರಾದರೆ ಮನೆತನದ ಹೆಸರು ಮುಂದೆ ಬರುತ್ತದೆ, ಆಮೇಲೆ ತಂದೆ, ಕೊನೆಗೆ ಅವರ ಹೆಸರು. ಇಂಗ್ಲಿಷಿನಲ್ಲಿ ಅದೇ ಹೆಸರನ್ನು ಮೂರು ನಾಲ್ಕು ಥರ ಬರೆದಿರುತ್ತಾರೆ, ಎಲ್ಲ ಥರವೂ ಹಾಕಿ ಹುಡುಕಿ.

ಕಲ್ಲಿನ ಮೇಲೆ ಯಾವ ರೂಪ ಅಂದರೆ, ಮನೆಯವರು ಬರೆಯುವ ರೂಪ. ಅಷ್ಟೆ. ಕ್ರಮ ಸಾವಿನ ತಾರೀಕಿನ ಪ್ರಕಾರ ಇರಲಿ. ಹುದ್ದೆಯ ಪ್ರಕಾರ ಬೇಡ, ಕರ್ನಲ್ ಮೇಲೆ ಸಿಪಾಯಿ ಕೆಳಗೆ ಅಂತ ಆಗುತ್ತದೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಇಲ್ಲಿ ಯಾಕೆ ಮೇಲು ಕೆಳಗು?

ಮನೆಯವರನ್ನು ಕೇಳದೆ ಮುಂದೆ ಹೋಗಬೇಡಿ

ಮನೆಯವರು ಎಲ್ಲಿದ್ದಾರೆ ಗೊತ್ತಿಲ್ಲದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಹೋಗಿ, ರೆಸಿಡೆನ್ಸಿ ರಸ್ತೆಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿದೆ. ವಿಳಾಸ ಕೊಡಿ ಅಂತ ಕೇಳಬೇಡಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದು, ಇದನ್ನು ಅವರಿಗೆ ತಲುಪಿಸಿ, ಅವರಿಗೆ ಇಷ್ಟವಿದ್ದರೆ ನಮಗೆ ಫೋನ್ ಮಾಡಲಿ ಅಂತ ಕೇಳಿ. ರೆಜಿಮೆಂಟಿನ ಕೇಂದ್ರಕ್ಕೂ ಹೀಗೇ ಬರೆಯಬಹುದು. ಹಲಸೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಂಥ ಒಂದು ಕೇಂದ್ರ.

ಫೋನ್ ಬಂದ ಮೇಲೆ ಇಬ್ಬರೇ ಹೋಗಿ. ಕ್ಯಾಮೆರಾ ಬೇಡ. ಹಾರ, ಶಾಲು ಕೂಡ ಮೊದಲ ಭೇಟಿಗೆ ಬೇಡ. "ಅಮ್ಮ, ನಾವು ಹೀಗೆ ಮಾಡಬೇಕು ಅಂದುಕೊಂಡಿದ್ದೇವೆ, ನಿಮಗೆ ಒಪ್ಪಿಗೆ ಇದೆಯಾ, ಹೆಸರು ಹೇಗೆ ಬರೆಯಬೇಕು" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಅವರೇ ಮಾತಾಡುತ್ತಾರೆ. ಕೆಲವರು ಬೇಡ ಅನ್ನಬಹುದು, ಅದನ್ನು ಗೌರವಿಸಿ. ತಂದೆತಾಯಿ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಾತುಕತೆ ಇಲ್ಲ ಅನ್ನುವ ಮನೆಗಳೂ ಇರುತ್ತವೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಬನ್ನಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತುಕೊಂಡು ಹೋಗಬೇಡಿ. ಅವರು ಕೊಟ್ಟ ಹೆಸರಿನ ರೂಪಕ್ಕೆ ಸಹಿ ಹಾಕಿಸಿಕೊಳ್ಳಿ. ಕಾನೂನಿಗಲ್ಲ, ಕೆತ್ತುವವನಿಗೆ ಕೊಡುವಾಗ ನಿಮಗೇ ಧೈರ್ಯ ಇರುತ್ತದೆ.

ಈಗ ಕಲ್ಲು

ಕಲ್ಲಿನ ವಿಷಯದಲ್ಲಿ ನಮ್ಮ ಊರು ಅದೃಷ್ಟವಂತ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ, ಗಂಗರ ಕಾಲದ ಅಧಿಕಾರಿ ನಾಗತ್ತರನ ಕಡೆಯವನೊಬ್ಬ "ಬೆಂಗಳೂರು ಕಾಳಗ"ದಲ್ಲಿ ಸತ್ತ ಅಂತ ಹೇಳುತ್ತದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಇನ್ನೂ ಹಿಂದಿನದು, ಸುಮಾರು ಕ್ರಿ.ಶ. 750. ಆಳವಾಗಿ ಉಳಿಯಿಂದ ಕೆತ್ತಿದ ಅಕ್ಷರ, ಬಣ್ಣ ಇಲ್ಲ, ಹೊಳಪು ಇಲ್ಲ, ಇವತ್ತಿಗೂ ಓದಬಹುದು. ಅದೇ ನಗರದಲ್ಲಿ ಹತ್ತು ವರ್ಷದ ಹಿಂದೆ ಹಾಕಿದ ಉದ್ಘಾಟನೆಯ ಕಲ್ಲುಗಳನ್ನು ನೋಡಿ: ಕರಿ ಗ್ರಾನೈಟ್ ಮೇಲೆ ಲೇಸರಿನಿಂದ ಕೆರೆದು ಬಂಗಾರದ ಬಣ್ಣ ತುಂಬಿದ್ದು, ಬಣ್ಣ ಉದುರಿ ಮಂತ್ರಿಗಳ ಹೆಸರು ಅರ್ಧ ಮಾಯ. ಮಂತ್ರಿಗಳದ್ದು ಹೋದರೆ ಹೋಗಲಿ ಬಿಡಿ.

ಹಾಗಾಗಿ ಸಾದರಹಳ್ಳಿ ಬೂದು ಕಲ್ಲು ತೆಗೆದುಕೊಳ್ಳಿ, ಉಳಿಯಿಂದ ಕೆತ್ತಿಸಿ. ಅಥವಾ ಮರಳು ಹೊಡೆದು ಆಳ ಮಾಡಿಸಿ. ಬಣ್ಣ ಇಲ್ಲದೆಯೇ ಓದಲು ಬರಬೇಕು, ಅದೇ ಪರೀಕ್ಷೆ. ಕೈಕೆಲಸದವರು ಬೇಕಿದ್ದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ, ಊರಿಗೆ ಊರೇ ಕಲ್ಲು ಕೆತ್ತುವವರು.

ಕನ್ನಡ ಅಕ್ಷರಕ್ಕೆ ಒಂದು ಎಚ್ಚರ. "ಸ್ಕ್ವಾಡ್ರನ್" ಅಂತ ಬರೆದು ನೋಡಿ. ಸ ಕೆಳಗೆ ಕ ಒತ್ತು, ಅದರ ಪಕ್ಕ ವ ಒತ್ತು. ಇಂಗ್ಲಿಷ್ ಸಾಲಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಒತ್ತು ಹೋಗಿ ಕೆಳಗಿನ ಸಾಲಿನ ದೀರ್ಘಕ್ಕೆ ಅಂಟಿಕೊಳ್ಳುತ್ತದೆ, ಸಣ್ಣದಾಗಿ ಕೆತ್ತಿದರೆ ಕಲ್ಲಿನ ಪುಡಿ ಉದುರಿ ಒತ್ತೆಲ್ಲ ಒಂದು ಗುಂಡಿ ಆಗುತ್ತದೆ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಇನ್ನೊಂದು ತೊಂದರೆ ಕಂಪ್ಯೂಟರಿನದು. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ, ಅಂಗಡಿಯವರು ಡಿಸೈನ್ ಮಾಡುವ ಹಳೇ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ತೆರೆಯುತ್ತಾರೆ, ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅವರು 'ನುಡಿ' ತಂತ್ರಾಂಶದಲ್ಲಿ ತಾವೇ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದೇ ಅಲ್ಲಿ. ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿದ ಪಿಡಿಎಫ್ ಕೊಡಿ, ಮತ್ತೆ ಟೈಪ್ ಮಾಡಬೇಡಿ ಅಂತ ಹೇಳಿ. ಕೆತ್ತುವ ಮೊದಲು ಪೂರ್ತಿ ಅಳತೆಯ ಪ್ರಿಂಟ್ ತೆಗೆಸಿ ಶಾಲೆಯ ಗೋಡೆಗೆ ಅಂಟಿಸಿ ಒಂದು ವಾರ ಬಿಡಿ. ಮಕ್ಕಳು ನಿಂತು ಓದುತ್ತಾರೆ, ತಪ್ಪು ಹಿಡಿಯುತ್ತಾರೆ.

ಜಾಗ ಆರಿಸುವಾಗ ಧ್ವಜಸ್ತಂಭದ ಹತ್ತಿರ, ಮಕ್ಕಳು ದಿನಾ ಹಾದುಹೋಗುವ ಕಡೆ ನೋಡಿ. ಮಳೆಮರದ ಕೆಳಗೆ ಬೇಡ, ಹಕ್ಕಿ ಹಿಕ್ಕೆ ನಿಲ್ಲುವುದಿಲ್ಲ. ಬೋರ್‌ವೆಲ್ ನೀರು ಚಿಮ್ಮುವ ಗಿಡದ ಪಾತಿಯೂ ಪಕ್ಕದಲ್ಲಿ ಬೇಡ, ಬಿಳಿ ಕಲೆ ಕೂರುತ್ತದೆ. ಕಲ್ಲಿನಲ್ಲಿ ಕೊನೆಯ ಹೆಸರಿನ ಕೆಳಗೆ, ಮುಂದೆ ಸೇರುವ ಹೆಸರುಗಳಿಗೆ ಖಾಲಿ ಜಾಗ ಬಿಡಿಸಿ. ಹೇಳಲು ಕಷ್ಟವಾದರೂ ಬಿಡಲೇಬೇಕು. ಸಿಂಹದ ಲಾಂಛನ ಹಾಕಿಸಬೇಡಿ, ರಾಷ್ಟ್ರಲಾಂಛನ ಬಳಕೆಗೆ 2005ರ ಕಾಯ್ದೆ ಇದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಿರ್ಣಯ ಮಾಡಿಸಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತು ಸಾಲದು, ಎಚ್‌ಎಂ ವರ್ಗವಾದರೆ ಕತೆ ಮತ್ತೆ ಶುರು.

ಹಳೆಯ ಫಲಕ ಮೊದಲೇ ಇದ್ದರೆ

ಹಳೇ ಶಾಲೆಗಳಲ್ಲಿ ಹಿತ್ತಾಳೆಯದೋ ಅಮೃತಶಿಲೆಯದೋ ಫಲಕ ಎಲ್ಲೋ ಗೋಡೆಯಲ್ಲಿ ಇರುತ್ತದೆ, ನೋಟಿಸ್ ಬೋರ್ಡಿನ ಹಿಂದೆ ಹುಡುಕಿ. ಅದನ್ನು ಕಿತ್ತು ಹೊಸದು ಹಾಕುವ ಯೋಚನೆ ಬೇಡ. ಹಿತ್ತಾಳೆಗೆ ಬ್ರಾಸೋ ಪಾಲಿಶ್ ಹಾಕಿ ಪ್ರತಿ ಆಗಸ್ಟಿನಲ್ಲಿ ತಿಕ್ಕಿದರೆ ಅಕ್ಷರವೇ ಸವೆಯುತ್ತದೆ. ಅಮೃತಶಿಲೆಗೆ ಆಸಿಡ್ ತಾಗಿಸಲೇಬೇಡಿ. ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್, ಒಣಬಟ್ಟೆ, ಇಷ್ಟೇ. ಸುಣ್ಣದ ಕೆಳಗೆ ಮುಚ್ಚಿದ್ದರೆ ಕೆರೆಯುವ ಮೊದಲು ತಿಳಿದವರನ್ನು ಕರೆಸಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರನ್ನು ಕೇಳಬಹುದು.

ಸವೆದ ಅಕ್ಷರ ಓದಲು ಸುಲಭ ಉಪಾಯ: ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಎದುರಿಗೆ ಹಿಡಿಯದೆ ಗೋಡೆಗೆ ತಾಗುವಷ್ಟು ಪಕ್ಕದಿಂದ ಹಿಡಿಯಿರಿ. ಹಗಲಿನಲ್ಲಿ ಬರೀ ಕಲೆ ಅನಿಸಿದ್ದು ನೆರಳು ಬಿದ್ದು ಅಕ್ಷರವಾಗಿ ಎದ್ದು ಬರುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಫೋಟೊ ತೆಗೆದು ಮೂರನ್ನೂ ಪಕ್ಕದಲ್ಲಿಟ್ಟು ಓದಿ. ಅರಿಶಿನ, ಸೀಮೆಸುಣ್ಣ ಬಳಿಯಬೇಡಿ.

ಫಲಕದಲ್ಲಿ ಬರೀ ಬ್ರಿಟಿಷರ ಹೆಸರಿದೆ ಅಂತ ತೆಗೆಸಬೇಕು ಅನ್ನುವವರೂ ಸಿಗುತ್ತಾರೆ. ಟಿಪ್ಪು ವಿರುದ್ಧದ 1791ರ ಯುದ್ಧದಲ್ಲಿ ಸತ್ತ ಬ್ರಿಟಿಷರಿಗೆ ಅಂತ ಪೇಟೆಯ ಹತ್ತಿರ ನಿಲ್ಲಿಸಿದ್ದ ದೊಡ್ಡ ಕಂಬವನ್ನು ನಗರಪಾಲಿಕೆ 1964ರಲ್ಲಿ ಕೆಡವಿಸಿತು. ಅದು ಗೆದ್ದವರ ಕಂಬ ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಆದರೆ ಶಾಲೆಯ ಫಲಕದಲ್ಲಿರುವುದು ನಿಮ್ಮದೇ ಬೆಂಚಿನಲ್ಲಿ ಕೂತಿದ್ದ ಹುಡುಗರು. ಹಳೆಯದು ಹಾಗೇ ಇರಲಿ, ಹೊಸದು ಪಕ್ಕದಲ್ಲಿ ಬರಲಿ.

ಅನಾವರಣದ ದಿನ

ಕಾರ್ಗಿಲ್ ವಿಜಯ ದಿನ ಜುಲೈ 26 ಅಥವಾ 1971ರ ಗೆಲುವಿನ ದಿನ ಡಿಸೆಂಬರ್ 16 ಇಟ್ಟುಕೊಳ್ಳಬಹುದು. ಮಹಾಯುದ್ಧದ ಹೆಸರುಗಳೇ ಜಾಸ್ತಿ ಇದ್ದರೆ ಮೊದಲ ಮಹಾಯುದ್ಧ ನಿಂತ ದಿನ ನವೆಂಬರ್ 11 ಸರಿ. ಪರದೆಗೆ ತ್ರಿವರ್ಣ ಧ್ವಜ ಬಳಸಬೇಡಿ, ಸ್ಮಾರಕಕ್ಕೆ ಧ್ವಜ ಹೊದಿಸುವುದು ನಿಷೇಧ. ಬಿಳಿ ಬಟ್ಟೆ ಸಾಕು. ಮನೆಯವರಿಗೆ ನೆರಳಲ್ಲಿ ಮೊದಲ ಸಾಲಿನ ಕುರ್ಚಿ, ಭಾಷಣ ಒಂದೇ. ಎನ್‌ಸಿಸಿ ಹುಡುಗ ಹುಡುಗಿಯರು ಹೆಸರು ಓದಲಿ, ಉಚ್ಚಾರಣೆಯನ್ನು ಹಿಂದಿನ ದಿನವೇ ಮನೆಯವರ ಹತ್ತಿರ ಫೋನಿನಲ್ಲಿ ಕೇಳಿ ಕಲಿತಿರಲಿ. ಆಮೇಲೆ ಬ್ಯೂಗಲ್, ಎರಡು ನಿಮಿಷ ಮೌನ. ಮೈಕಿನವನಿಗೆ ಆ ಹೊತ್ತಿಗೆ ದೇಶಭಕ್ತಿ ಹಾಡು ಹಾಕಬೇಡ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹಾಕೇ ಹಾಕುತ್ತಾನೆ.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಬಾಕಿ. ಪ್ರತಿ ಹೆಸರಿಗೂ ಸಿಕ್ಕ ದಾಖಲೆ, ಮನೆಯವರ ಸಹಿ, ಕೆತ್ತಲು ಕೊಟ್ಟ ಪಿಡಿಎಫ್, ಬಿಟ್ಟ ಹೆಸರುಗಳು ಮತ್ತು ಬಿಟ್ಟ ಕಾರಣ, ಕಲ್ಲು ಎಲ್ಲಿಂದ ತಂದದ್ದು, ಹೇಗೆ ತೊಳೆಯಬೇಕು, ಎಲ್ಲ ಸೇರಿಸಿ ಒಂದು ಫೈಲ್ ಮಾಡಿ. ಒಂದು ಪ್ರತಿ ಎಚ್‌ಎಂ ಕಪಾಟಿನಲ್ಲಿ ದಾಖಲಾತಿ ರಿಜಿಸ್ಟರಿನ ಪಕ್ಕ, ಒಂದು ಸಂಘದ ಕಾರ್ಯದರ್ಶಿ ಹತ್ತಿರ, ಒಂದು ಸ್ಕ್ಯಾನ್ ಮಾಡಿ ಡ್ರೈವಿನಲ್ಲಿ. ಡ್ರೈವಿನ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರದ ಹಾಗೆ ನೋಡಿಕೊಳ್ಳಿ.